ಡಾಕ್ಟ್ರಮ್ಮ ಮತ್ತೆ ಕ್ಲಾಸಿಗೆ ಹೋದದ್ದು

ಮನೆ, ಮಹಡಿಯ ಕೋಣೆ
ಭಾನುವಾರ ಮಧ್ಯಾಹ್ನ, ನವೆಂಬರ್ ೧೭

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪ? ಸೊಂಟದ ನೋವು ಇಳಿಯಿತೇ? ಎಂಜಿನ್ ರೂಮಿನ ಸೆಕೆಯಿಂದ ಬೆವರು ಸುರಿಸಿಕೊಂಡು ಬಂದು ನೇರವಾಗಿ ಡೆಕ್ಕಿನ ಗಾಳಿಗೆ ಮೈಯೊಡ್ಡಬೇಡ ಅಂತ ಸಾವಿರ ಸಲ ಹೇಳಿದ್ದೇನೆ, ಕೇಳುವವನು ನೀನಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೊಸ ಹಲ್ಲಿನ ಸೆಟ್ಟಿಗೂ ನನಗೂ ಇನ್ನೂ ಸಂಬಂಧ ಕುದುರಿಲ್ಲ. ಒಂದೊಂದು ಸಲ ಅದು ನನಗಿಂತ ಮುಂಚೆ ಮಾತು ಮುಗಿಸಿಬಿಡುತ್ತದೆ. ಇಷ್ಟುದ್ದ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನಿನ್ನದು ಮೂರು ಮಾತು ಕೇಳಿಸಿದರೆ ನಾಲ್ಕನೆಯದು ಸಮುದ್ರಕ್ಕೆ ಬೀಳುತ್ತದೆ. ನಿನ್ನ ಹೆಂಡತಿಯಂತೂ ತನ್ನ ವಿಷಯ ತಾನು ಹೇಳುವವಳೇ ಅಲ್ಲ. "ಎಲ್ಲಾ ಚೆನ್ನಾಗಿದೆ ರೀ" ಅಂದು ಫೋನು ನನ್ನ ಕೈಗೆ ದಾಟಿಸುತ್ತಾಳೆ. ಬೆಕ್ಕೊಂದು ಸತ್ತಿತು, ಕ್ಲಾಸಿಗೆ ಸೇರಿದಳು, ಪಾಸಾದಳು, ಇಷ್ಟೇ ತಾನೆ ನಿನಗೆ ಗೊತ್ತಿರುವುದು? ನಡುವೆ ನಡೆದದ್ದೆಲ್ಲ ಈ ಮನೆಯಲ್ಲಿ ಕೂತು ನೋಡಿದವಳು ನಾನು. ಗಂಡನಾದವನಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಆ ಬೆಕ್ಕಿನಿಂದಲೇ ಶುರು ಮಾಡುತ್ತೇನೆ. ನಮ್ಮ ಬೀದಿ ತಿರುವಿನ ಗಡಿಯಾರ ರಿಪೇರಿ ಅಂಗಡಿಯ ಯಜಮಾನರು ನಿನಗೆ ಗೊತ್ತು, ನಿನ್ನ ಮದುವೆ ವಾಚಿಗೆ ಎರಡು ಸಲ ಜೀವ ಕೊಟ್ಟವರು. ಹೆಂಡತಿ ಹೋದ ಮೇಲೆ ಅವರಿಗೆ ಮನೆಯವರು ಅಂತ ಇದ್ದದ್ದು ಒಂದು ಬೂದು ಬೆಕ್ಕು. ಗಾಜಿನ ಪೆಟ್ಟಿಗೆಯ ಮೇಲೆ ಕೂತು ಬಾಲ ಇಳಿಬಿಟ್ಟು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸುತ್ತಿತ್ತು. ಅದಕ್ಕೇ ಅದಕ್ಕೆ ಲೋಲಕ ಅಂತ ಹೆಸರು. ನೀನು ಹಡಗು ಹತ್ತಿದ ಮುಂದಿನ ತಿಂಗಳು ಅದು ಊಟ ಬಿಟ್ಟಿತು. ಹಲ್ಲು ಕೆಟ್ಟಿತ್ತು, ಕೀಳಬೇಕಿತ್ತು, ಕೀಳಲು ಅರಿವಳಿಕೆ ಕೊಡಬೇಕಿತ್ತು. ಕೆಳಗೆ ನಿನ್ನ ಹೆಂಡತಿಯ ಕ್ಲಿನಿಕ್ಕಿಗೆ ತಂದರು. ಇವಳು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು, ರಕ್ತ ಪರೀಕ್ಷೆ ಮಾಡಿದಳು, ಯಾವುದರಲ್ಲೂ ಏನೂ ಕಾಣಲಿಲ್ಲ. ಎರಡನೆಯ ಹಲ್ಲಿಗೆ ಕೈ ಹಾಕಿದಾಗ ಬೆಕ್ಕಿನ ಹೃದಯ ನಿಂತುಹೋಯಿತು. ನಾನು ಮಹಡಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಕೆಳಗೆ ಕ್ಲಿನಿಕ್ಕಿನಲ್ಲಿ ಹೃದಯದ ಬಡಿತ ಕಾಯುವ ಯಂತ್ರ ಕೀರಲು ದನಿಯಲ್ಲಿ ಕೂಗಿಕೊಳ್ಳುವುದು ಕೇಳಿಸಿತು. ಕೂಗಿತು, ಕೂಗುತ್ತಲೇ ಇತ್ತು. ಆಮೇಲೆ ಯಾರೋ ಅದನ್ನು ಆರಿಸಿದರು. ಆರಿಸಿದ ಮೇಲಿನ ಆ ಮೌನದಲ್ಲೇ ನನಗೆ ಎಲ್ಲಾ ಗೊತ್ತಾಯಿತು.

ಅವಳು ನರ್ಸಮ್ಮನನ್ನು ಕಳಿಸಲಿಲ್ಲ, ಫೋನು ಮಾಡಿ ಕರೆಸಲಿಲ್ಲ. ಬಿಳಿ ಟವೆಲ್ಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ತಾನೇ ಅಂಗಡಿಗೆ ನಡೆದುಹೋದಳು. "ನನ್ನ ಕೈಯಲ್ಲಿ ಹೋಯ್ತು, ಸರ್. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೆ ನಿಮ್ಮ ಒಪ್ಪಿಗೆ ಬೇಕು" ಅಂದಳಂತೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ಹಾಗೇ ತಲೆ ಆಡಿಸಿದರಂತೆ, ಆಮೇಲೆ ಬಾಗಿಲು ಎಳೆದುಕೊಂಡರಂತೆ. ದೊಡ್ಡ ಪ್ರಾಣಿ ಆಸ್ಪತ್ರೆಯವರು ದೇಹ ಪರೀಕ್ಷೆ ಮಾಡಿ ಹೇಳಿದ್ದು ಇಷ್ಟು: ಬೆಕ್ಕಿನ ಹೃದಯದ ಗೋಡೆ ಒಳಗೊಳಗೇ ದಪ್ಪಗಾಗಿತ್ತು, ಈ ಕಾಯಿಲೆ ಎಷ್ಟೋ ಸಲ ಸ್ಟೆತಾಸ್ಕೋಪಿಗೆ ಕೇಳಿಸುವುದೇ ಇಲ್ಲ. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು. ಊಟಕ್ಕೆ ಕೂತಾಗ "ನಿನ್ನ ತಪ್ಪಿಲ್ಲ ಅಂತ ಅವರೇ ಹೇಳಿದ್ದಾರಲ್ಲ ಮಗಳೇ, ಬಿಡು ಇನ್ನು" ಅಂದೆ. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದಳು. "ಕೇಳಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ ಅತ್ತೆ, ಸರಿ. ಆದ್ರೆ ನೋಡೋಕೆ ಆಗ್ತಿತ್ತು. ಸ್ಕ್ಯಾನ್ ಮಾಡೋಕೆ ಬರೋರಿಗೆ ಅದು ಕಾಣಿಸ್ತಿತ್ತು. ನನಗೆ ಬರಲ್ಲ" ಅಂದಳು. ಅಳಲಿಲ್ಲ. ಪೂರ್ವ ಯಾವ ಕಡೆ ಅಂತ ದಾರಿಹೋಕರಿಗೆ ಹೇಳುವ ಹಾಗೆ ಹೇಳಿದಳು. ಅವತ್ತಿನಿಂದ ಅವಳು ಯಾವ ಪ್ರಾಣಿಗೂ ಅರಿವಳಿಕೆ ಕೊಡಲಿಲ್ಲ. ಚಿಕ್ಕ ಆಪರೇಷನ್ನಿಗೂ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದಳು, ಅದೋ ಅರ್ಧ ದಿನದ ದಾರಿ. ಕೆಲವರು ಹೋಗುತ್ತಿದ್ದರು, ಕೆಲವರು ನಾಯಿಯನ್ನು ಎತ್ತಿಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದರು. ಹಾಗೆ ಮನೆಗೆ ಹೋದವರನ್ನು ಅವಳು ಕಿಟಕಿಯಿಂದ ನೋಡುತ್ತಾ ನಿಲ್ಲುವುದನ್ನು ನಾನು ನೋಡುತ್ತಿದ್ದೆ.

ಆಮೇಲೆ ಒಂದು ದಿನ ಕ್ಲಾಸಿಗೆ ಸೇರಿದೆ ಅಂದಳು. ಪ್ರಾಣಿಗಳ ಡಾಕ್ಟರು ಆಗಾಗ ಹೊಸದೇನಾದರೂ ಕಲಿಯುತ್ತಿರಬೇಕು ಅಂತ ನಿಯಮವಿದೆ, ನಿನಗೂ ಗೊತ್ತು. ಇಲ್ಲಿಯವರೆಗೆ ಅದೆಂದರೆ ಹೋಟೆಲಿನಲ್ಲಿ ಅರ್ಧ ದಿನ ಭಾಷಣ, ಒಳ್ಳೆಯ ಊಟ, ಒಂದು ಸರ್ಟಿಫಿಕೇಟು, ಔಷಧಿ ಕಂಪನಿಯ ಹೆಸರಿರುವ ಒಂದು ಕೊಡೆ. ನಮ್ಮ ಮನೆಯಲ್ಲಿ ಬೀದಿಗೆಲ್ಲ ಹಂಚುವಷ್ಟು ಕೊಡೆಗಳಿವೆ. ಈ ಸಲ ಅವಳು ಆರಿಸಿಕೊಂಡದ್ದು ಕೊಡೆ ಸಿಗದ ಕ್ಲಾಸು. ನಾಯಿ ಬೆಕ್ಕುಗಳ ಹೃದಯ ಪರೀಕ್ಷೆ, ಅರಿವಳಿಕೆ, ಆರು ತಿಂಗಳು. ಬೆಳಗ್ಗೆ ಕ್ಲಿನಿಕ್ ತೆರೆಯುವ ಮುಂಚೆ ಕಂಪ್ಯೂಟರಿನಲ್ಲಿ ಪಾಠ, ವಾರದ ಕೊನೆಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಕೈಯಾರೆ ಅಭ್ಯಾಸ, ಕೊನೆಗೆ ಪರೀಕ್ಷೆ. ಕ್ಲಾಸಿನಲ್ಲಿ ಇವಳೇ ಹಿರಿಯಳು. ಮೊದಲ ದಿನ ಒಬ್ಬ ಹುಡುಗ ಇವಳನ್ನೇ ಪ್ರೊಫೆಸರ್ ಅಂದುಕೊಂಡು ಎದ್ದು ನಿಂತನಂತೆ. "ಕೂತ್ಕೋಪ್ಪ, ನಾನೂ ನಿನ್ನ ಪಕ್ಕದ ಸೀಟೇ" ಅಂದಳಂತೆ. ನಿಜವಾದ ಪ್ರೊಫೆಸರಮ್ಮ ಇವಳಿಗಿಂತ ಚಿಕ್ಕವಳು, ಮಾತು ಕಡಿಮೆ, ಬಿಗಿ.

ಸ್ಕ್ಯಾನಿಂಗ್ ಅವಳಿಗೆ ಸುಲಭಕ್ಕೆ ಒಲಿಯಲಿಲ್ಲ ಕಣೋ. ಒಂದು ಸಲ ನನಗೂ ಪರದೆಯ ಮೇಲೆ ತೋರಿಸಿದಳು. ಮಂಜಿನೊಳಗೆ ಕಪ್ಪು ಮೀನೊಂದು ಬಾಯಿ ತೆರೆದು ಮುಚ್ಚಿದ ಹಾಗೆ ಕಂಡಿತು ನನಗೆ. "ಯಾವುದು ಎಡ, ಯಾವುದು ಬಲ ಅಂತ ನನಗೂ ಹೀಗೇ ಗೊಂದಲ ಅತ್ತೆ" ಅಂದಳು. ಇಪ್ಪತ್ತು ವರ್ಷ ಡಾಕ್ಟರಾಗಿರುವವಳು, ಬೀದಿಗೆ ಬೀದಿಯೇ ಕೈಮುಗಿಯುವಂಥವಳು, ಹೀಗೆ ಬಾಯಿಬಿಟ್ಟು "ನನಗೆ ಗೊತ್ತಾಗ್ತಿಲ್ಲ" ಅನ್ನುವುದನ್ನು ಕೇಳಿ ನಾನು ಬೆರಗಾದೆ. ನಾನು ಸ್ಕೂಲಿನಲ್ಲಿದ್ದ ವರ್ಷಗಳಲ್ಲಿ ಎಷ್ಟು ಮೇಷ್ಟರುಗಳನ್ನು ನೋಡಿದ್ದೇನೆ, ಈ ಮಾತು ಅವರ ಬಾಯಿಂದ ಬರಿಸಲು ಇನ್‌ಸ್ಪೆಕ್ಟರಿಗೂ ಆಗುತ್ತಿರಲಿಲ್ಲ. ಭೂಗೋಳ ಕಲಿಸಿದವಳಲ್ಲವೇ ನಾನು, ನಕ್ಷೆ ತಲೆಗೆ ಹತ್ತದ ಮಕ್ಕಳಿಗೆ ಪುಸ್ತಕ ಮುಚ್ಚಿಸಿ ಬರೆಸುತ್ತಿದ್ದೆ, ಹಾಗೇ ಮಾಡಿ ನೋಡು ಅಂದೆ. ಅವಳು ಬೇಡ ಅನ್ನಲಿಲ್ಲ. ಹಳೆಯ ಎಕ್ಸ್‌ರೇ ಲಕೋಟೆಗಳ ಹಿಂದೆ ದಿನಾ ಹೃದಯ ಬರೆದಳು. ನಾಯಿಯದ್ದು, ಬೆಕ್ಕಿನದ್ದು, ಮೇಲಿನಿಂದ ಕಂಡದ್ದು, ಅಡ್ಡಕ್ಕೆ ಕೊಯ್ದದ್ದು. ಅಡುಗೆಮನೆಯ ಗೋಡೆ ತುಂಬಾ ಹೃದಯ. ಹಾಲಿನವನು ಇಣುಕಿ ನೋಡಿ "ಅಮ್ಮಾ, ಮನೆಯಲ್ಲಿ ಯಾರಿಗಾದರೂ ಮದುವೆ ಗೊತ್ತಾಯ್ತಾ" ಅಂತ ಕೇಳಿದ.

ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂತು. ಕೈಯಾರೆ ಮಾಡುವ ಪರೀಕ್ಷೆಯಲ್ಲಿ ಫೇಲಾದಳು. ಇದನ್ನು ಅವಳು ನಿನಗೆ ಹೇಳಿರಲಾರಳು. ಅಲ್ಲಿ ಮೇಜಿನ ಮೇಲೆ ರಬ್ಬರಿನ ನಾಯಿ ಮಲಗಿಸಿರುತ್ತಾರಂತೆ, ಪಕ್ಕದಲ್ಲಿ ನಿಜವಾದ ಯಂತ್ರ. ಎಲ್ಲಾ ಸರಿಯಾಗಿ ನಡೆಯುತ್ತಿರುವಾಗ ಪರೀಕ್ಷಕರು ಹೇಳದೆ ಕೇಳದೆ ಬಿಪಿ ಇಳಿಸುತ್ತಾರೆ, ಯಂತ್ರ ಕೂಗಿಕೊಳ್ಳುತ್ತದೆ. ಆ ಕೀರಲು ಸದ್ದು ಕೇಳಿದ ತಕ್ಷಣ ಇವಳ ಕೈ ಕಲ್ಲಾಯಿತಂತೆ. ಉತ್ತರವೆಲ್ಲ ತಲೆಯಲ್ಲಿದೆ, ಕೈ ಏಳುವುದಿಲ್ಲ. ಪ್ರೊಫೆಸರಮ್ಮ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಮುಂದಿನ ತಿಂಗಳು ಇನ್ನೊಂದು ಸಲ ಇದೆ. ಬರ್ತೀರಾ?" ಅಂತ ಮಾತ್ರ ಕೇಳಿದರಂತೆ. ಬಸ್ಸಿಳಿದು ಮನೆಗೆ ಬಂದು, ಚಪ್ಪಲಿ ಬಿಡುತ್ತಾ, "ಫೇಲು ಅತ್ತೆ" ಅಂದಳು. ಕೈಕಾಲು ತೊಳೆದು ಬಂದು "ಮುಂದಿನ ತಿಂಗಳು ಹೋಗ್ಬೇಕು" ಅಂದಳು. ಈ ಎರಡು ಮಾತಿನ ನಡುವೆ ಬಚ್ಚಲುಮನೆಯಲ್ಲಿ ನಲ್ಲಿ ಬಹಳ ಹೊತ್ತು ಓಡಿತು. ನಾನು ಬಿಸಿ ಕಾಫಿ ಮಾಡಿ ಇಟ್ಟೆ.

ಆ ಒಂದು ತಿಂಗಳು ನಮ್ಮ ನಡುಮನೆ ಆಪರೇಷನ್ ಥಿಯೇಟರ್ ಆಗಿತ್ತು. ದಿವಾನಿನ ಉದ್ದ ದಿಂಬು ನಾಯಿ, ನಿನ್ನ ಹಳೆಯ ಕಾಲುಚೀಲ ಅದರ ಮೂತಿ. ಊಟವಾದ ಮೇಲೆ ನರ್ಸಮ್ಮ ಬಂದು ಸೇರಿಕೊಳ್ಳುತ್ತಿದ್ದಳು. ತನ್ನ ಮೊಬೈಲಿನಲ್ಲಿ ಅದೇ ಕೀರಲು ಸದ್ದು ತುಂಬಿಸಿಕೊಂಡಿದ್ದಳು. ನನ್ನ ಕೆಲಸ ಕುರ್ಚಿಯಲ್ಲಿ ಕೂತು ಯಂತ್ರದ ಹಾಗೆ ಅಂಕಿ ಓದುವುದು. ನೂರಹತ್ತು, ನೂರು, ತೊಂಬತ್ತು. ನನಗೂ ಹುಮ್ಮಸ್ಸು ಬಂತು ಅಂತಿಟ್ಟುಕೋ. ಯಾವಾಗ ಬೇಕೋ ಆವಾಗ ಬಿಪಿ ಇಳಿಸುತ್ತಿದ್ದೆ, ಒಮ್ಮೆ ಅವಳು ಆಕಳಿಸುವುದನ್ನು ಕಾದು ಇಳಿಸಿದೆ. ದಿಂಬು ನನ್ನಿಂದಾಗಿ ಎಷ್ಟು ಸಲ ಸತ್ತಿತೋ. ಮೊದಮೊದಲು ಸದ್ದು ಶುರುವಾದರೆ ಅವಳ ಮುಖ ಬಿಳುಚಿಕೊಳ್ಳುತ್ತಿತ್ತು. ನರ್ಸಮ್ಮ ನಿಲ್ಲಿಸೋಣವೇ ಅಂತ ನನ್ನ ಮುಖ ನೋಡುತ್ತಿದ್ದಳು. ಅವಳೇ "ಇನ್ನೊಂದ್ಸಲ" ಅನ್ನುತ್ತಿದ್ದಳು. ಒಂದು ದಿನ ದಿಂಬು ನಾಯಿಯಲ್ಲ, ಹೃದಯ ದಪ್ಪಗಿರುವ ಬೆಕ್ಕು ಅಂತ ಲೆಕ್ಕ. ನಾನು ಬಿಪಿ ಇಳಿಸಿದೆ. ನರ್ಸಮ್ಮ ಡ್ರಿಪ್ ಜೋರು ಮಾಡಲು ಕೈ ಚಾಚಿದಳು. ಇವಳು ಮೆಲ್ಲಗೆ ಆಕೆಯ ಕೈ ಹಿಡಿದು "ಬೇಡ. ಈ ಬೆಕ್ಕಿಗೆ ನೀರು ಜಾಸ್ತಿ ಕೊಟ್ರೆ ಒಳಗೇ ಮುಳುಗಿಸಿದ ಹಾಗೆ. ಮೊದ್ಲು ಅರಿವಳಿಕೆ ಗ್ಯಾಸ್ ಇಳ್ಸಿ" ಅಂದಳು. ಮೊಬೈಲು ಇನ್ನೂ ಕೂಗುತ್ತಲೇ ಇತ್ತು, ಅದು ಅವಳ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. ನಾನೂ ನರ್ಸಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡನೆಯ ಸಲ ಹೋಗಿ ಪಾಸಾಗಿ ಬಂದಳು.

ಪಾಸಾದ ಮೇಲೂ ಅವಳು ಆಪರೇಷನ್ ಶುರು ಮಾಡಲಿಲ್ಲ. ಇವತ್ತು ನಾಳೆ ಅಂತ ತಳ್ಳುತ್ತಿದ್ದಳು. ಅಷ್ಟರಲ್ಲಿ ಬೇಕರಿಯಾಕೆ ತನ್ನ ನಾಯಿ ಬನ್ನುವನ್ನು ಎದೆಗವಚಿಕೊಂಡು ಓಡಿಬಂದಳು. ಉಬ್ಬಿದ ಬನ್ನಿನ ಹಾಗೇ ಗುಂಡಗಿದ್ದ ಕಂದು ನಾಯಿ, ಅವತ್ತು ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಗರ್ಭಕೋಶದಲ್ಲಿ ಕೀವು ತುಂಬಿಕೊಂಡಿದೆ, ಅವತ್ತೇ ತೆಗೆಯದಿದ್ದರೆ ಉಳಿಯುವುದಿಲ್ಲ, ದೊಡ್ಡ ಆಸ್ಪತ್ರೆಯವರೆಗೆ ಜೀವ ಹಿಡಿದಿರುವುದೂ ಇಲ್ಲ ಅಂತ ಇವಳೇ ಹೇಳಿದಳು. ಹೇಳಿ ಆಪರೇಷನ್ ಕೋಣೆಯ ಬಾಗಿಲ ಕಡೆ ನೋಡಿದಳು. ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಇವಳ ತೋಳು ಹಿಡಿದು "ಬೇರೆ ಯಾರಿದ್ದಾರೆ ಡಾಕ್ಟ್ರೇ ನನಗೆ" ಅಂದಳು. ಇವಳು ಫೋನು ತೆಗೆದು ಈ ಕ್ಲಾಸಿನಲ್ಲಿ ತನ್ನ ಜೊತೆ ಕಲಿತ ಹುಡುಗಿಯೊಬ್ಬಳನ್ನು ಕರೆದಳು, ಪಕ್ಕದ ಊರಿನ ಡಾಕ್ಟರು. "ನೀನು ಬಂದು ಕೊಯ್ಯಿ, ನಾನು ಉಸಿರು ಕಾಯ್ತೀನಿ" ಅಂದಳು. ಇಪ್ಪತ್ತು ವರ್ಷ ಕತ್ತಿ ಹಿಡಿದ ಕೈ, ಯಾರಿಗೂ ಬಿಟ್ಟುಕೊಟ್ಟವಳಲ್ಲ. ನಾನು ಹುಬ್ಬೇರಿಸಿದೆ. ಹೋಗುತ್ತಾ ನನಗೆ ಹೇಳಿದಳು: "ಲೋಲಕನ ದಿನ ಹಲ್ಲೂ ನಾನೇ ಕೀಳ್ತಿದ್ದೆ, ಯಂತ್ರಾನೂ ನಾನೇ ನೋಡ್ತಿದ್ದೆ ಅತ್ತೆ. ಎರಡೂ ಒಬ್ಬರ ಕೆಲಸ ಅಲ್ಲ."

ಆ ಹುಡುಗಿ ಬೈಕಿನಲ್ಲಿ ಬರುವಷ್ಟರಲ್ಲಿ ಡ್ರಿಪ್ ಏರಿಸಿ, ಎದೆಗೆ ಸ್ಕ್ಯಾನ್ ಇಟ್ಟು ಹೃದಯ ಸರಿಯಿದೆ ಅಂತ ನೋಡಿಯಾಗಿತ್ತು. ನಾನೂ ಬೇಕರಿಯಾಕೆಯೂ ಹೊರಗೆ ಬೆಂಚಿನ ಮೇಲೆ ಕೂತೆವು. ಬಾಗಿಲಿನ ಗಾಜಿನಲ್ಲಿ ನನಗೆ ಕಾಣುತ್ತಿದ್ದದ್ದು ನಿನ್ನ ಹೆಂಡತಿಯ ಬೆನ್ನು ಮಾತ್ರ. ನಾಯಿಯ ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದಳು, ಒಂದು ಕೈ ಅದರ ದವಡೆಯ ಕೆಳಗೆ. ಅರ್ಧ ಆಗಿರಬೇಕು, ಯಂತ್ರ ಕೂಗಿತು. ಬೇಕರಿಯಾಕೆ ನನ್ನ ಕೈ ಹಿಂಡಿದ ಗುರುತು ಇನ್ನೂ ಇದೆ. ನಾನು ಆ ಬೆನ್ನನ್ನೇ ನೋಡುತ್ತಿದ್ದೆ. ಅದು ಕದಲಲಿಲ್ಲ. ಕೈ ಮೇಲೆ ಹೋಯಿತು, ಸದ್ದು ನಿಂತಿತು. "ಎರಡು ನಿಮಿಷ ಕೈ ನಿಲ್ಸು. ನರ್ಸಮ್ಮ, ಗ್ಯಾಸ್ ಅರ್ಧಕ್ಕೆ ಇಳ್ಸಿ. ಡ್ರಿಪ್ ಈಗ ಜೋರು ಮಾಡಿ. ಎಷ್ಟು ಬಂತು ಓದಿ." ತರಕಾರಿಯವನ ಹತ್ತಿರ ಸೊಪ್ಪು ಕೇಳುವಾಗಲೂ ಅವಳ ದನಿ ಇದಕ್ಕಿಂತ ಏರಿರುತ್ತದೆ. ನರ್ಸಮ್ಮ ಓದಿದಳು. ಇನ್ನೊಂದು ಸಲ ಓದಿದಳು, ಅಂಕಿ ಸ್ವಲ್ಪ ಮೇಲೇರಿತ್ತು. "ಸರಿ, ಮುಂದುವರಿಸು" ಅಂದಳು ಇವಳು. ಸಂಜೆ ಬನ್ನು ಕಣ್ಣು ಬಿಟ್ಟು ಮೊದಲು ಮಾಡಿದ್ದು ನಿನ್ನ ಹೆಂಡತಿಯ ಚಪ್ಪಲಿಯ ಮೇಲೆ ವಾಂತಿ. ಅದನ್ನು ಒರೆಸುತ್ತಾ ಅವಳು ನಕ್ಕಳು ನೋಡು, ಏಪ್ರಿಲ್ಲಿನಿಂದ ನಾನು ಆ ನಗು ಕೇಳಿರಲಿಲ್ಲ.

ಈಗ ಮೊನ್ನೆಯ ವಿಷಯ. ಕ್ಲಾಸಿನ ಕೊನೆಯ ದಿನ ಪ್ರತಿಯೊಬ್ಬರೂ ತಾವು ಚಿಕಿತ್ಸೆ ಮಾಡಿದ ಒಂದು ಪ್ರಾಣಿಯ ಬಗ್ಗೆ ಎಲ್ಲರ ಮುಂದೆ ಹೇಳಬೇಕು. ಬನ್ನುವಿನ ಕಥೆ ಹೇಳುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಅವಳು ಗಡಿಯಾರದ ಯಜಮಾನರ ಅಂಗಡಿಗೆ ಹೊರಟಳು, ನಾನೂ ಜೊತೆಗೆ ಹೋದೆ. ಆರು ತಿಂಗಳಲ್ಲಿ ಅವರು ನಮ್ಮ ಕಡೆ ತಲೆಯೆತ್ತಿ ನೋಡಿರಲಿಲ್ಲ. "ಸರ್, ಲೋಲಕನ ವಿಷಯ ಡಾಕ್ಟ್ರುಗಳ ಮುಂದೆ ಹೇಳ್ಬೇಕು ಅಂತಿದ್ದೀನಿ. ನಾನು ಏನು ನೋಡ್ಲಿಲ್ಲ, ಏನು ನೋಡ್ಬೇಕಿತ್ತು ಅಂತ. ನೀವು ಬೇಡ ಅಂದ್ರೆ ಬೇಡ" ಅಂದಳು. ಅವರು ಬಿಚ್ಚಿಟ್ಟಿದ್ದ ವಾಚನ್ನು ಬಟ್ಟೆಯಿಂದ ಮುಚ್ಚಿದರು. "ಹೆಸರು ಹೇಳ್ತೀರಾ?" ಅಂದರು. "ಸಾಮಾನ್ಯವಾಗಿ ಹೇಳಲ್ಲ. ಒಂದು ಬೆಕ್ಕು, ಗಂಡು, ಒಂಬತ್ತು ವರ್ಷ, ಹಾಗೆ ಹೇಳ್ತೀವಿ." ಅವರು "ಹೆಸರು ಹೇಳಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾವು ಕೂತು ಕೇಳ್ಬಹುದಾ ಮೇಡಂ ಅಲ್ಲಿ?" ಅಂದರು.

ಹಾಗಾಗಿ ನಾವಿಬ್ಬರು ಮುದುಕರು ಬಸ್ಸು ಹತ್ತಿ ಹೋಗಿ ಕಾಲೇಜಿನ ಹಾಲಿನ ಕೊನೆಯ ಸಾಲಿನಲ್ಲಿ ಕೂತೆವು. ಒಬ್ಬೊಬ್ಬರೇ ಎದ್ದು ಬಂದು ಉಳಿಸಿದ ನಾಯಿ, ಉಳಿಸಿದ ಬೆಕ್ಕು, ಚಪ್ಪಾಳೆ. ಇವಳ ಸರದಿ ಬಂತು. "ಈ ಬೆಕ್ಕಿನ ಹೆಸರು ಲೋಲಕ. ಇದು ನನ್ನ ಮೇಜಿನ ಮೇಲೆ ಸತ್ತಿತು" ಅಂತ ಶುರು ಮಾಡಿದಳು. ಮರೆಮಾಚದೆ, ತನ್ನನ್ನು ತಾನು ಹಳಿದುಕೊಳ್ಳದೆ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬಿಪಿ ನೋಡುವ ಪಟ್ಟಿ ಕಪಾಟಿನಲ್ಲೇ ಇತ್ತು, ಹಲ್ಲು ಕೀಳುವುದು ಸಣ್ಣ ಕೆಲಸ ಅಂತ ಕಟ್ಟಿರಲಿಲ್ಲ ಅಂದಳು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು "ನನ್ನ ಕೈಯಲ್ಲೂ ಒಂದು ಹೋಗಿದೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ" ಅಂದರು. ಅವರು ಕೂರುವ ಮುಂಚೆ ಇನ್ನೊಬ್ಬರು ಎದ್ದರು. ಆಮೇಲೆ ಅದು ಭಾಷಣ ಆಗಿರಲಿಲ್ಲ ಕಣಪ್ಪ, ಮನೆಮಂದಿ ಸೇರಿ ಮಾತಾಡಿದ ಹಾಗಾಯಿತು. ಯಾವಾಗ ಸ್ಕ್ಯಾನ್ ಮಾಡಬೇಕು, ಯಾವಾಗ ಬೇರೆಯವರನ್ನು ಕರೆಯಬೇಕು, ಎಲ್ಲರೂ ಕೇಳುವವರೇ, ಎಲ್ಲರೂ ಬರೆದುಕೊಳ್ಳುವವರೇ. ಪ್ರೊಫೆಸರಮ್ಮ ಊಟದ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ವಾಪಸ್ಸು ಬರುವಾಗ ಯಜಮಾನರು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇವಳಿಗೆ ಹೇಳಿದರು: "ಅಷ್ಟು ಜನ ಡಾಕ್ಟ್ರು ಅದರ ಹೆಸರು ಬರ್ಕೊಂಡ್ರಲ್ಲಮ್ಮ." ಅಷ್ಟೇ. ಇವಳು "ಹೂಂ ಸರ್" ಅಂದಳು.

ನಿನ್ನ ಮದುವೆಯ ಹೊತ್ತಿನಲ್ಲಿ ಹುಡುಗಿ ಗಟ್ಟಿ ಅಂತ ಎಲ್ಲರೂ ಹೇಳಿದ್ದರು. ಗಟ್ಟಿ ಅಂದರೆ ಏನು ಅಂತ ನಾನು ಈ ವರ್ಷ ಕಂಡೆ. ನಿನಗೆ ಹೆಂಡತಿ ಸಿಕ್ಕಿದ್ದಕ್ಕಿಂತ ನನಗೆ ಸೊಸೆ ಸಿಕ್ಕಿದ್ದು ದೊಡ್ಡ ಪುಣ್ಯ ಅಂತ ಬರೆದರೆ ನಿನಗೆ ಬೇಜಾರಾದೀತು, ಆದರೂ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸು, ನಿನ್ನಂಥವನಿಗೆ ಬಡಿಸುವುದು ಸುಲಭವಲ್ಲ. ನಿನಗೆ ಆಯಸ್ಸು ಆರೋಗ್ಯ ತುಂಬಿರಲಿ, ಸಮುದ್ರ ನಿನ್ನ ಮೇಲೆ ಕರುಣೆ ಇಟ್ಟಿರಲಿ.

ಇಂತು,
ನಿನ್ನ ಅಮ್ಮ

ಮರೆತೆ ಅಂದುಕೊಳ್ಳಬೇಡ, ಇದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಪ್ರೊಫೆಸರಮ್ಮ ಅವಳನ್ನು ಮುಂದಿನ ಹಂತಕ್ಕೆ ಕರೆದಿದ್ದಾರೆ. ಮೂರು ತಿಂಗಳು ಕಾಲೇಜಿನ ಆಸ್ಪತ್ರೆಯಲ್ಲೇ ಇದ್ದು ಕಲಿಯಬೇಕು, ಹೊಸಬರಿಗೆ ಕಲಿಸಲೂ ಬೇಕು. ಜನವರಿಯಲ್ಲಿ ಶುರು, ಸರಿಯಾಗಿ ನಿನ್ನ ರಜೆಯ ಹೊತ್ತಿಗೆ. ನೀನು ಹತ್ತು ತಿಂಗಳ ಮೇಲೆ ಮನೆಗೆ ಬರುವಾಗ ತಾನಿಲ್ಲದಿದ್ದರೆ ಹೇಗೆ ಅಂತ ಬೇಡ ಅನ್ನಲು ಹೊರಟಿದ್ದಾಳೆ. ನಿನಗೆ ಹೇಳುವುದೇ ಇಲ್ಲ. ನಾನು ಹೇಳಿದರೆ "ನೀವು ಸುಮ್ನಿರಿ ಅತ್ತೆ" ಅನ್ನುತ್ತಾಳೆ, ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ನಿಂತಿರುತ್ತಾಳೆ. ಡಿಸೆಂಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಬಂದರು ಸಿಕ್ಕಿದ ತಕ್ಷಣ ಅವಳಿಗೆ ಫೋನು ಮಾಡು, ಹೋಗು ಅನ್ನು. ರಜೆಗೆ ಮನೆಗೇ ಬರಬೇಕು ಅಂತ ನಿಯಮವೇನೂ ಇಲ್ಲ, ಆ ಊರಿಗೇ ಟಿಕೆಟ್ ತೆಗೆಸು. ಕಾಲೇಜಿನ ಹತ್ತಿರ ಒಂದು ಕೋಣೆ ಹಿಡಿ. ಅವಳು ದಣಿದು ಬರುವ ಹೊತ್ತಿಗೆ ಅನ್ನ ಸಾರು ಮಾಡಿಡು, ಬರದಿದ್ದರೆ ಕಲಿ. ನನ್ನ ಮುಖ ನೋಡಲು ನಿನಗೆ ಒಂದು ವಾರ ಸಾಕು.